ಗಾಲಿಯ ಆಫ್‌ಸೆಟ್ಟೂ ನಮ್ಮ ಅಕ್ಕನೂ

ನನಗೆ ಅರ್ಥವಾಗದ ವಿಷಯಗಳಿಂದ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಅರ್ಥವಾಗದ್ದರ ತಂಟೆಗೆ ನಾನು ಹೋಗುವುದೇ ಇಲ್ಲ. ಷೇರುಪೇಟೆ ಅರ್ಥವಾಗಲಿಲ್ಲ, ಹಾಗಾಗಿ ಅಲ್ಲಿ ಏನೂ ಕಳೆದುಕೊಂಡಿಲ್ಲ. ಶೀರ್ಷಾಸನ ಅರ್ಥವಾಗಲಿಲ್ಲ, ಕುತ್ತಿಗೆ ಇನ್ನೂ ನೆಟ್ಟಗಿದೆ. ನನ್ನನ್ನು ಕೆಡಿಸಿರುವುದೆಲ್ಲ ಚೆನ್ನಾಗಿ ಅರ್ಥವಾದ ವಿಷಯಗಳೇ. ಹೋದ ಬೇಸಿಗೆಯಲ್ಲಿ ಫ್ರಿಜ್ಜಿನ ಒಳಗಿರುವ ಗುಂಡಿಯನ್ನು ಯಾವ ಕಾಲಕ್ಕೆ ಎಷ್ಟು ತಿರುಗಿಸಬೇಕೆಂಬುದು ನನಗೆ ಸಂಪೂರ್ಣ ಅರ್ಥವಾಯಿತು. ತಿರುಗಿಸಿದೆ. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾ ಹಾಲನ್ನು ಲಟ್ಟಣಿಗೆಯಿಂದ ಒಡೆದು ಕಾಯಿಸಬೇಕಾಯಿತು. ಅವಳು ಬೈಯಲಿಲ್ಲ. ಒಂದೊಂದು ತುಂಡನ್ನೂ ಪಾತ್ರೆಗೆ ಹಾಕುವಾಗ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಇಂಥ ನನಗೆ ಕಾರಿನ ಗಾಲಿಯ ಆಫ್‌ಸೆಟ್ ಎಂಬುದು ಅರ್ಥವಾಗಬಾರದಿತ್ತು.

ಸಿಂಧನೂರಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಗಳ ಅಂಗಡಿ. ನಮ್ಮ ಕಡೆ ಭಾಂಡೆ ಅಂಗಡಿ ಎನ್ನುತ್ತಾರೆ. ದಿನವಿಡೀ ಹೊಳೆಯುವ ಸಾಮಾನುಗಳ ನಡುವೆ ಕೂತವನಿಗೆ ಹೊಳೆಯದ ವಸ್ತು ಕಂಡರೆ ಏನೋ ಕಸಿವಿಸಿ. ನನ್ನ ಕಾರಿಗೆ ಇದ್ದದ್ದು ಕಂಪನಿಯವರೇ ಕೊಟ್ಟ ಕರಿಯ ಕಬ್ಬಿಣದ ಗಾಲಿಗಳು, ಅವುಗಳ ಮಾನ ಮುಚ್ಚಲು ಮೇಲೊಂದೊಂದು ಪ್ಲಾಸ್ಟಿಕ್ ಮುಚ್ಚಳ. ಜವಳಗೇರಾದ ಹತ್ತಿರ ಭತ್ತ ಹೇರಿಕೊಂಡು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಕಾರನ್ನು ಕೆಳಗಿಳಿಸಿದಾಗ ಒಂದು ಮುಚ್ಚಳ ಕಳಚಿ ಉರುಳಿಕೊಂಡು ಹೋಗಿ ಕಾಲುವೆಗೆ ಬಿತ್ತು. ನಾನು ದಂಡೆಯ ಮೇಲೆ ನಿಂತು ಅದು ತೇಲಿಹೋಗುವುದನ್ನು ನೋಡಿದೆ. ಈಗ ಅದು ಯಾವ ಊರಲ್ಲಿ ಯಾರ ಮನೆಯ ಗಡಿಗೆಗೆ ಮುಚ್ಚಳವಾಗಿದೆಯೋ ಗೊತ್ತಿಲ್ಲ. ಮೂರು ಗಾಲಿಗೆ ಮುಚ್ಚಳವಿದ್ದು ಒಂದಕ್ಕೆ ಇಲ್ಲದಿದ್ದರೆ ನೋಡುವವರ ಕಣ್ಣು ಆ ಒಂದರ ಮೇಲೆಯೇ ಹೋಗುತ್ತದೆ. ಮುಂದಿನ ಹಲ್ಲು ಬಿದ್ದವನ ಕತೆಯೂ ಅದೇ.

ಹಾಗಿದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ. ಅಷ್ಟರಲ್ಲಿ ಭಾಗ್ಯಳ ಸಂಬಂಧದ ಮಾತು ಬಂತು. ಭಾಗ್ಯ ನಮ್ಮ ಅಕ್ಕ ಶರಣಮ್ಮನ ಮಗಳು. ಹುಡುಗ ಲಿಂಗಸುಗೂರಿನವನು, ಶಾಲೆಯಲ್ಲಿ ಮಾಸ್ತರ. ಸಂಬಂಧ ತಂದವನು ನಾನೇ. ಹುಡುಗನ ಕಡೆಯವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಇನ್ನು ನಮ್ಮ ಕಡೆಯ ಹಿರಿಯರು ಅವರ ಮನೆ ನೋಡಿ ಬರುವುದು ಬಾಕಿ. ಮನೆ ನೋಡಿದ ಮೇಲೆ ಅಕ್ಕ ಹೂಂ ಎಂದರೆ ಅಲ್ಲೇ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದು. ಭಾಗ್ಯ ಒಂದು ಸಂಜೆ ಡಬರಿ ಕೊಳ್ಳುವ ನೆಪ ಮಾಡಿಕೊಂಡು ಅಂಗಡಿಗೆ ಬಂದು, ಡಬರಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಮಾಮಾ, ಅವ್ವ ಏನರ ಕ್ಯಾತಿ ತಗದ್ರ ನೀ ಸಂಭಾಳಸು" ಎಂದಳು. ಡಬರಿಯೊಳಗೆ ಮುಖ ಹಾಕಿಕೊಂಡೇ ಹೇಳಿದಳು. ಚಿಕ್ಕಂದಿನಿಂದ ನನ್ನ ಅಂಗಡಿಯ ಚಮಚಗಳನ್ನು ಎಣಿಸಿಯೇ ಲೆಕ್ಕ ಕಲಿತ ಹುಡುಗಿ ಅದು. ಈ ಕೆಲಸ ಕೆಡಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಕೆಡದಿರಲು ನಾನು ಮಾಡಬೇಕಾದದ್ದೇನು ಎಂದು ಯೋಚಿಸಿದಾಗ ಹೊಳೆದದ್ದು ಹೊಸ ಗಾಲಿಗಳು. ಬೀಗರ ಬಾಗಿಲಿಗೆ ಮುಚ್ಚಳವಿಲ್ಲದ ಗಾಲಿಯಲ್ಲಿ ಹೋಗುವುದು ಹೇಗೆ?

ಅಲಾಯ್ ಗಾಲಿ ಕೊಳ್ಳಬೇಕೆಂದು ಫೋನಿನಲ್ಲಿ ಹುಡುಕತೊಡಗಿದೆ. ಅಗಲ, ಎತ್ತರ, ಬೋಲ್ಟುಗಳ ತೂತು ಇವೆಲ್ಲ ಇದ್ದದ್ದೇ. ಇವುಗಳ ಪಕ್ಕದಲ್ಲಿ ಆಫ್‌ಸೆಟ್ ಎಂದು ಇನ್ನೊಂದು ಅಂಕಿ. ಅದರ ಬೆನ್ನು ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಓದಿ ಓದಿ ಒಂದು ದಿನ ಅದು ಥಟ್ಟನೆ ಅರ್ಥವಾಗಿಬಿಟ್ಟಿತು. ಇಡ್ಲಿ ಬೇಯಿಸುವ ಪಾತ್ರೆಯೊಳಗೆ ಒಂದು ತೂತಿನ ತಟ್ಟೆ ಇರುತ್ತದಲ್ಲ, ಆ ಪಾತ್ರೆಯನ್ನು ಅಡ್ಡ ಮಲಗಿಸಿ. ಬಾಯಿ ಹೊರಗಡೆ ಇರಲಿ, ತಳ ಕಾರಿನ ಕಡೆ ಇರಲಿ. ಪಾತ್ರೆಯೇ ಗಾಲಿ, ತಟ್ಟೆಯೇ ಗಾಲಿಯನ್ನು ಕಾರಿಗೆ ಬೋಲ್ಟು ಹಾಕಿ ಕೂರಿಸುವ ಜಾಗ. ತಟ್ಟೆ ಸರಿಯಾಗಿ ನಡುವೆ ಇದ್ದರೆ ಆಫ್‌ಸೆಟ್ ಸೊನ್ನೆ. ತಟ್ಟೆ ಬಾಯಿಯ ಹತ್ತಿರ ಬಂದಷ್ಟೂ ಅಂಕಿ ಹೆಚ್ಚು, ಆಗ ಪಾತ್ರೆಯ ಬಹುಪಾಲು ಕಾರಿನ ಒಳಗೆ ಹೋಗುತ್ತದೆ. ತಟ್ಟೆ ತಳದ ಕಡೆ ಸರಿದರೆ ಅಂಕಿ ಕಡಿಮೆ, ಪಾತ್ರೆ ಹೊರಗೆ ಬರುತ್ತದೆ. ಅಂದರೆ ಅಂಕಿ ಹೆಚ್ಚಿದ್ದರೆ ಗಾಲಿ ಒಳಗೆ, ಕಡಿಮೆಯಿದ್ದರೆ ಹೊರಗೆ. ತೀರಾ ಒಳಗಾದರೆ ಒಳಗಿನ ಸಾಮಾನಿಗೆ ತಾಗುತ್ತದೆ, ತೀರಾ ಹೊರಗಾದರೆ ಮೇಲಿನ ಮಡ್ಗಾರ್ಡಿನ ಅಂಚಿಗೆ ತಾಗುತ್ತದೆ. ಇಷ್ಟೇ ವಿಷಯ.

ಇಷ್ಟೇ ಎಂದು ನಾನು ಬಿಡಬೇಕಾಗಿತ್ತು. ಬಿಡಲಿಲ್ಲ. ಸಾಲಗುಂದದಿಂದ ಒಬ್ಬ ಹೆಣ್ಣುಮಗಳು ಇಡ್ಲಿ ಪಾತ್ರೆ ಕೇಳಿಕೊಂಡು ಬಂದಳು. ಪಾತ್ರೆಯನ್ನು ಅಡ್ಡ ಮಲಗಿಸಿ, ತಟ್ಟೆಯನ್ನು ಹಿಂದೆ ಮುಂದೆ ಸರಿಸಿ, ಎಲ್ಲವನ್ನೂ ತಿಳಿಸಿ ಹೇಳಿದೆ. ಆಕೆ ಬಹಳ ತಾಳ್ಮೆಯಿಂದ ಕೇಳಿ, ಇದರಲ್ಲಿ ಇಡ್ಲಿ ಆಗುತ್ತವೋ ಇಲ್ಲವೋ ಅಷ್ಟು ಹೇಳಿ ಎಂದಳು. ಆಮೇಲೆ ಕೊಳ್ಳದೆ ಹೋದಳು. ಆ ವಾರ ಕುಕ್ಕರಿನ ರಬ್ಬರು ಕೇಳಿದವರಿಗೂ ಬಿಡಲಿಲ್ಲ, ಮುಯ್ಯಿಗೆ ಕೊಡಲು ಸ್ಟೀಲ್ ಬಿಂದಿಗೆ ಕೇಳಿದವರಿಗೂ ಬಿಡಲಿಲ್ಲ. ಗಿರಿಜಾ ಮಾತ್ರ ನಾನು ತಟ್ಟೆ ಹಿಡಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಇಷ್ಟು ಪಂಡಿತನಾದವನು ಕೊಳ್ಳುವಾಗ ಸರಿಯಾದ ಗಾಲಿ ಕೊಳ್ಳಬೇಕಿತ್ತೆಂದು ನೀವು ಹೇಳುತ್ತೀರಿ. ನಿಜ. ಗಾಲಿಯ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದರ ಆಫ್‌ಸೆಟ್ ನನ್ನ ಹಳೆಯ ಗಾಲಿಯದೇ. ಇನ್ನೊಂದರದು ಅದಕ್ಕಿಂತ ಬಹಳ ಕಡಿಮೆ. ಮೊದಲನೆಯದನ್ನು ಹಾಕಿ ನೋಡಿದರೆ ಕಾರು ಕೈ ಕಟ್ಟಿಕೊಂಡು ನಿಂತ ಹಾಗಿತ್ತು. ಎರಡನೆಯದನ್ನು ಹಾಕಿದರೆ ಎದೆ ಸೆಟೆಸಿ ನಿಂತಿತು. ಗಾಲಿ ಮಡ್ಗಾರ್ಡಿಗಿಂತ ಒಂದು ಕೂದಲೆಳೆ ಹೊರಗೆ, ಹೊಸ ಹರಿವಾಣದ ಹಾಗೆ ಫಳಫಳ. ಅದು ಹೊರಗೆ ಬರುತ್ತದೆ, ಭಾರ ಬಿದ್ದರೆ ತಾಗಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅಂಗಡಿಯವನಿಗೂ ಗೊತ್ತಿತ್ತು. ಕಾರಿನಲ್ಲಿ ಎಷ್ಟು ಮಂದಿ ಓಡಾಡುತ್ತೀರಿ ಎಂದು ಕೇಳಿದ. "ಇಬ್ಬರ ರೀ, ನಾನು ನಮ್ಮ ಮನಿಯವರು" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಸೀಮೆಯಲ್ಲಿ ಕಾರಿನಲ್ಲಿ ಎಷ್ಟು ಮಂದಿ ಎಂದು ಯಾರನ್ನು ಕೇಳಿದರೂ ಮನೆಯವರನ್ನಷ್ಟೇ ಎಣಿಸಿ ಹೇಳುತ್ತಾರೆ. ಬೀಗರು, ನೆಂಟರು, ಮಸ್ಕಿಯವರೆಗೆ ಬರುತ್ತೇನೆಂದು ಹತ್ತಿದವರು, ಅಕ್ಕಿ ಚೀಲ, ಇವೆಲ್ಲ ಭಾರದ ಲೆಕ್ಕಕ್ಕೆ ಬರುವುದಿಲ್ಲ, ಸಂಬಂಧದ ಲೆಕ್ಕಕ್ಕೆ ಬರುತ್ತವೆ. ಹಾಕಿಸಿಕೊಂಡು ಒಬ್ಬನೇ ದಢೇಸುಗೂರಿನವರೆಗೆ ಓಡಿಸಿಕೊಂಡು ಬಂದೆ. ಒಂದು ಚೂರೂ ಸದ್ದಿಲ್ಲ.

ಹೊರಡುವ ದಿನ ಐದು ಮಂದಿ. ಇಂಥ ಕೆಲಸಕ್ಕೆ ಐದು ಮಂದಿಯೇ ಹೋಗಬೇಕು, ನಾಲ್ವರು ಹೋದರೆ ಸರಿಹೋಗುವುದಿಲ್ಲ ಎಂದು ದೊಡ್ಡವ್ವನ ಅಪ್ಪಣೆಯಾಗಿತ್ತು. ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ಒಣಗಿದ ಬದನೆಕಾಯಿಯಷ್ಟು ಸಣ್ಣ ಜೀವ, ಆದರೆ ಶಕುನದ ವಿಷಯದಲ್ಲಿ ನಮ್ಮ ಇಡೀ ಬಳಗಕ್ಕೆ ಆಕೆಯ ಮಾತೇ ಕೊನೆ. ಓಡಿಸುವವನು ನಾನು, ಪಕ್ಕದಲ್ಲಿ ಅಕ್ಕನ ಗಂಡ ಅಮರಪ್ಪ ಭಾವ. ಹಿಂದೆ ಎಡಕ್ಕೆ ಅಕ್ಕ, ನಡುವೆ ದೊಡ್ಡವ್ವ, ಬಲಕ್ಕೆ ಗಿರಿಜಾ. ಬರಿಗೈಯಲ್ಲಿ ಹೋಗಬಾರದೆಂದು ಡಿಕ್ಕಿಯಲ್ಲಿ ಒಂದು ಚೀಲ ಸೋನಾ ಮಸೂರಿ. ಅಕ್ಕ ಮೈಯಲ್ಲೂ ದೊಡ್ಡವಳು, ಮಾತಿನಲ್ಲೂ ದೊಡ್ಡವಳು. ಆಕೆ ಹತ್ತಿ ಕೂತಾಗ ಕಾರು ಸ್ವಲ್ಪ ತಲೆಬಾಗಿತು. ಅದನ್ನು ನಾನು ನೋಡಿದೆ, ನೋಡಲಿಲ್ಲ ಎಂದುಕೊಂಡೆ.

ಮಸ್ಕಿಯ ದಾರಿ ಹಿಡಿದೆವು. ಭಾವ ಸಂತೋಷವಾಗಿದ್ದರು. ಹುಡುಗ ಬಹಳ ಸಂಭಾವಿತನಂತೆ ಎಂದರು. ಅಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಉಬ್ಬಿದ ಒಂದು ಹಂಪು ಬಂತು. ಹಿಂದಿನ ಎಡಗಾಲಿಯಿಂದ ಕರ್ರ್ ಎಂಬ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಭಾವ, ಹುಡುಗನಿಗೆ ಯಾವ ಚಟವೂ ಇಲ್ಲವಂತೆ ಎಂದರು. ಎರಡನೆಯ ಹಂಪು, ಮತ್ತೆ ಕರ್ರ್. ದೊಡ್ಡವ್ವ ಅಕ್ಕನ ಮೊಣಕೈ ಮುಟ್ಟಿ, "ನುಡೀತು ನೋಡವಾ" ಎಂದಳು. ಹಲ್ಲಿ ನುಡಿದದ್ದಕ್ಕೆ ಮನೆ ಕಟ್ಟುವುದನ್ನೇ ಒಂದು ವರ್ಷ ಮುಂದಕ್ಕೆ ಹಾಕಿಸಿದ ಮುದುಕಿ ಆಕೆ. ಗಿರಿಜಾ ಮಾತು ಬದಲಿಸಲೆಂದು, ಹುಡುಗನ ತಾಯಿಯದು ಸ್ವಲ್ಪ ಬಿರುಸು ನಾಲಿಗೆಯಂತೆ ಎಂದುಬಿಟ್ಟಳು. ಆಗ ರಸ್ತೆ ಅಂಗೈಯಷ್ಟು ನುಣುಪಾಗಿತ್ತು, ಕಾರು ತುಟಿಪಿಟಿಕ್ಕೆನ್ನಲಿಲ್ಲ. ದೊಡ್ಡವ್ವ, ಈ ಮಾತನ್ನು ಗಾಡಿ ಒಪ್ಪಿತು ಎಂದು ತೀರ್ಪು ಕೊಟ್ಟಳು.

ನನ್ನ ಕಾರು ಸಾಕ್ಷಿ ಹೇಳತೊಡಗಿತ್ತು, ಅದೂ ನಾನು ತಂದ ಸಂಬಂಧದ ವಿರುದ್ಧ. ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದೆ. ಆಕೆಯ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಸದ್ದು ಯಾಕೆಂದು ನನಗೆ ಮೊದಲ ಕರ್ರ್‌ಗೇ ತಿಳಿದಿತ್ತು. ಹೇಳುವುದಾದರೂ ಹೇಗೆ? ಶಕುನವೆಂದು ಬಿಟ್ಟರೆ ಭಾಗ್ಯಳ ಸಂಬಂಧ ಹೋಗುತ್ತದೆ. ಭಾರ ಬಿದ್ದು ತಾಗುತ್ತಿದೆ ಎಂದರೆ ಆ ಭಾರ ಯಾವ ಕಡೆಯದೆಂದು ಎಲ್ಲರಿಗೂ ಕಾಣುತ್ತದೆ, ಅಕ್ಕ ಹೋಗುತ್ತಾಳೆ. ಆಫ್‌ಸೆಟ್ ಎಂದರೆ ಕೇಳುವವರೇ ಇಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ದೂರದಲ್ಲಿ ಹಂಪು ಕಂಡ ಕೂಡಲೇ ಮಾತನ್ನು ಬೇರೆ ಕಡೆ ತಿರುಗಿಸುವುದು, ಹುಡುಗನ ಗುಣಗಾನವನ್ನೆಲ್ಲ ಸಪಾಟು ರಸ್ತೆಯಲ್ಲೇ ಮಾಡಿ ಮುಗಿಸುವುದು. ಹಂಪು ಹತ್ತಿರ ಬಂದರೆ ಎಳ್ಳಿನ ದರ, ಹಂಪು ದಾಟಿದರೆ ಹುಡುಗನ ಸಂಬಳ. ನನ್ನ ಮಾತಿನ ತಲೆಬುಡ ತಿಳಿಯದೆ ಭಾವ ಎರಡು ಸಲ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಹೇಗೋ ಲಿಂಗಸುಗೂರು ಮುಟ್ಟುತ್ತಿದ್ದೆವು. ನನ್ನ ತಲೆಗೆ ಇನ್ನೊಂದು ಹೊಳೆಯಿತು. ಕಾರು ಸುಳ್ಳಿಗೆ ಕರ್ರ್ ಎನ್ನುತ್ತದೆಂದು ಇವರು ನಂಬಿದ್ದಾರೆ, ಹಾಗಾದರೆ ಹಂಪಿನ ಮೇಲೆ ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ಆಡಿದರೆ ಕಾರೇ ಅದನ್ನು ಅಲ್ಲಗಳೆಯುತ್ತದಲ್ಲ. ಮಸ್ಕಿ ಹತ್ತಿರ ಬಂದಿತ್ತು. ಮುಂದೆ ಒಂದು ದೊಡ್ಡ ಹಂಪು. ಸರಿಯಾಗಿ ಗಾಲಿ ಏರುವ ಹೊತ್ತಿಗೆ, "ಹುಡುಗ ಕುಡೀತಾನಂತ ಯಾರೋ ಅಂದ್ರಪಾ" ಎಂದೆ. ಕಾರು ಇದುವರೆಗೆ ಎಂದೂ ಮಾಡದಷ್ಟು ಜೋರಾಗಿ ಕರ್ರ್ ಎಂದಿತು. ನಾನು ಗೆದ್ದವನ ಹಾಗೆ ಹಿಂದಿರುಗಿ ನೋಡಿದೆ. ಕಾರು ಏನೆಂದಿತು ಎಂಬುದನ್ನು ಯಾರೂ ಗಮನಿಸಿರಲಿಲ್ಲ. ನಾನು ಏನೆಂದೆ ಎಂಬುದನ್ನು ಎಲ್ಲರೂ ಕೇಳಿದ್ದರು.

"ಗಾಡಿ ನಿಲ್ಲಸು" ಎಂದಳು ಅಕ್ಕ.

ಮಸ್ಕಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಮಂಡಾಳು ಒಗ್ಗರಣೆ, ಮಿರ್ಚಿ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಅಕ್ಕ ಇಲ್ಲಿಂದಲೇ ತಿರುಗಿ ಹೋಗೋಣ ಎಂದಳು. ಕುಡಿಯುವ ಮಾತು ನಾನೇ ಕಟ್ಟಿದ್ದು, ಹುಡುಗ ಚಹಾ ಕೂಡ ಸಕ್ಕರೆ ಕಡಿಮೆ ಮಾಡಿಸಿ ಕುಡಿಯುತ್ತಾನೆ ಎಂದು ನಾನು ಆಣೆ ಮಾಡಿದೆ. ಹಾಗಾದರೆ ಯಾಕೆ ಅಂದೆ ಎಂದು ಕೇಳಿದಳು. ಹೇಳಲೇಬೇಕಾಯಿತು. ಗಾಲಿ, ಮಡ್ಗಾರ್ಡು, ಆಫ್‌ಸೆಟ್, ಕಡಿಮೆ ಅಂಕಿ, ಹೊರಗೆ ಬರುವುದು, ಎಲ್ಲವನ್ನೂ ಹೇಳಿದೆ. ಎಡಗಾಲಿಯ ಹತ್ತಿರ ಕರೆದುಕೊಂಡು ಹೋಗಿ ಟೈರಿನ ಅಂಚು ಉಜ್ಜಿಹೋಗಿರುವುದನ್ನು ತೋರಿಸಿದೆ. ದೊಡ್ಡವ್ವ ಅದರ ಮೇಲೆ ಬೆರಳಾಡಿಸಿ, ದೇವರು ಹೇಳುವುದಿದ್ದರೆ ಯಾವುದಾದರೂ ಒಂದರ ಮೂಲಕವೇ ಹೇಳಬೇಕಲ್ಲ ಎಂದಳು. ಆಗ ಗಿರಿಜಾ, ಬಹಳ ಮೆತ್ತಗೆ, ಈ ಕಡೆ ಸ್ವಲ್ಪ ಭಾರ ಬಿದ್ದಿರಬೇಕು ಎಂದಳು. ಭಾವ ಥಟ್ಟನೆ ಹೋಟೆಲಿನ ಬೋರ್ಡು ಓದತೊಡಗಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಯಾವಾಗ ಬೋರ್ಡು ಓದಬೇಕೆಂಬುದು ಗೊತ್ತಿರುತ್ತದೆ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು ಆ ಮುಖದಲ್ಲಿ. ಒಬ್ಬಳೇ ಮಗಳು. ನನಗೆ ನಾಚಿಕೆಯಾಯಿತು.

"ತಮ್ಮಾ, ನಿನ್ನ ಆಪಸೆಟ್ಟು ನನಗ ತಿಳೀವಲ್ದು. ಒಂದ ಮಾತು ಹೇಳು. ಆ ಸಪ್ಪಳ ದೇವರದೋ, ಗಾಡೀದೋ, ನಂದೋ?"

"ನಂದಕ್ಕಾ" ಎಂದೆ. "ಚೆಂದ ಕಾಣಲಿ ಅಂತ ತಪ್ಪು ಗಾಲಿ ತಗೊಂಡೀನಿ."

"ಹಂಗಾದ್ರ ನೀ ಬಂದು ಅಲ್ಲಿ ಕೂಡ್ರು. ನಾ ಮುಂದ ಕೂಡ್ರತೀನಿ. ಆಗೂ ಒದರಿದ್ರ ದೇವರದೂ ಅಲ್ಲ, ನಂದೂ ಅಲ್ಲ."

ಭಾವ ಸ್ಟೇರಿಂಗ್ ಹಿಡಿದರು. ಅಕ್ಕ ಮುಂದೆ ಕೂತಳು. ನಾನು ಹಿಂದೆ ಎಡಕ್ಕೆ, ಅಕ್ಕನ ಜಾಗದಲ್ಲಿ ಕೂತೆ. ಕೂತಾಗ ಕಾರು ಏನೋ ಗೊಣಗಿತು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತು, ಗಿರಾಕಿಗೊಂದು ಚಹಾ ತರಿಸಿ ನನಗೊಂದು ತರಿಸಿಕೊಂಡು, ಮನೆಯಿಂದ ಬಂದ ಡಬ್ಬಿಯನ್ನು ತಳ ಕಾಣುವಂತೆ ಖಾಲಿ ಮಾಡುವ ನನ್ನ ಮೈ ಹೇಗಿದೆ ಎಂಬುದನ್ನು ಇಲ್ಲಿಯವರೆಗೆ ನಾನು ನಿಮಗೆ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ. ಹೋಟೆಲಿನ ಮುಂದಿನ ಚರಂಡಿಯ ತಗ್ಗನ್ನು ಇಳಿಯುವಾಗಲೇ ಕರ್ರ್ ಎಂದಿತು. ರಸ್ತೆಗೆ ಹತ್ತುವಾಗ ಕರ್ರ್. ಅಕ್ಕ ಕೂತಿದ್ದಾಗ ಹಂಪಿಗೆ ಒಮ್ಮೆ ಮಾತ್ರ ಅನ್ನುತ್ತಿದ್ದುದು ಈಗ ಸಣ್ಣ ಕಲ್ಲು ಸಿಕ್ಕರೂ ಅನ್ನತೊಡಗಿತು. ಭಾವ ಪರೀಕ್ಷೆಗೆಂದು ಹುಡುಗನ ಬಗ್ಗೆ ಒಳ್ಳೆಯದು ಹೇಳಿದರು, ಕರ್ರ್. ಕೆಟ್ಟದು ಹೇಳಿದರು, ಕರ್ರ್. ಸುಮ್ಮನಿದ್ದರು, ಆಗಲೂ ಕರ್ರ್. ದೊಡ್ಡವ್ವ ಸ್ವಲ್ಪ ದೂರ ಕಿವಿಗೊಟ್ಟು ಕೇಳಿದಳು. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದಳು.

"ಇದು ಶಕುನ ಅಲ್ಲ ಬಿಡವಾ. ಇದು ಹೊಟ್ಟಿ" ಎಂದಳು.

ಮುಂದಿನ ಸೀಟಿನಲ್ಲಿ ಅಕ್ಕನ ಭುಜ ಅಲುಗಾಡುವುದು ಕಂಡಿತು. ಅಳುತ್ತಿದ್ದಾಳೇನೋ ಎಂದು ಹೆದರಿ ಬಗ್ಗಿ ನೋಡಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಕಾರಿಗೆ ಮಾತ್ರ ಏನೂ ಇಳಿಯಲಿಲ್ಲ. ಲಿಂಗಸುಗೂರಿನವರೆಗೂ ಅದು ಒದರುತ್ತಲೇ ಹೋಯಿತು, ಅಕ್ಕ ನಗುತ್ತಲೇ ಹೋದಳು.

ಹುಡುಗನ ಮನೆಯವರು ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಗಾಲಿಗಳನ್ನು ಯಾರೂ ನೋಡಲಿಲ್ಲ. ಭಾವ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಎರಡು ಗಾಲಿ ಗೋಡೆಯ ಕಡೆ ಹೋಗಿದ್ದವು, ಈ ಕಡೆಯ ಎರಡಕ್ಕೆ ಆಡುಗಳು ಒರಗಿ ನಿಂತಿದ್ದವು. ನಾವು ತಡವಾಗಿ ಬಂದದ್ದಕ್ಕೆ ಕಾರಣ ಕೇಳಿದರು. ಅಕ್ಕ ಕಾರಣ ಹೇಳಿದಳು. ಏನನ್ನೂ ಬಿಡದೆ, ಬಿಟ್ಟದ್ದನ್ನು ದೊಡ್ಡವ್ವ ಕೂಡಿಸುತ್ತ, ನಾನು ಬಗ್ಗಿ ಕಾರು ಹತ್ತಿದ್ದನ್ನೂ ಮಾಡಿ ತೋರಿಸಿ ಹೇಳಿದಳು. ಮಾಸ್ತರ ನಗು ತಡೆಯಲಾರದೆ ಎದ್ದು ಒಳಗೆ ಹೋದ. ಬಿರುಸು ನಾಲಿಗೆಯವಳೆಂದು ಹೆಸರಾದ ಅವನ ತಾಯಿ ಕಣ್ಣು ಒರೆಸಿಕೊಂಡು, ತನ್ನ ತಮ್ಮನೂ ಇಂಥವನೇ ಎಂದು ಮೂಲೆಯಲ್ಲಿ ಕೂತಿದ್ದ ಒಬ್ಬ ದಪ್ಪ ಮನುಷ್ಯನನ್ನು ತೋರಿಸಿದಳು. ಆತ ನನ್ನನ್ನು ನೋಡಿ ತಲೆಯಾಡಿಸಿದ. ಇಬ್ಬರು ತಮ್ಮಂದಿರನ್ನು ಬೈಯುತ್ತ ಇಬ್ಬರು ಅಕ್ಕಂದಿರು ಒಂದಾದರು. ಮನೆ ನೋಡುವುದನ್ನೇ ಮರೆತರು. ಊಟಕ್ಕೆ ಮೊದಲೇ ಸಕ್ಕರೆ ಹಂಚಿದರು. ನಾನು ಹೊರಗೆ ಹೋಗಿ ಭಾಗ್ಯಳಿಗೆ ಫೋನು ಮಾಡಿದೆ. ಅವ್ವ ಏನರ ಕ್ಯಾತಿ ತಗದಳೇನು ಎಂದು ಕೇಳಿದಳು, ತೆಗೆದವನು ನಾನೇ ಎಂದೆ.

ಹೊರಡುವಾಗ ಬೀಗರು ಅಕ್ಕಿಯ ಚೀಲ ಇಳಿಸಿಕೊಂಡು ಒಂದು ದೊಡ್ಡ ಚೀಲ ಬಿಳಿಜೋಳ ಡಿಕ್ಕಿಯಲ್ಲಿಟ್ಟರು, ಅದರ ಮೇಲೆ ತೊಗರಿಬೇಳೆಯ ಗಂಟು ಬೇರೆ. ಕಾರು ಹಿಂದೆ ಕುಗ್ಗಿತು. ಎಲ್ಲರೂ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೀಗರು ಪ್ರೀತಿಯಿಂದ ಕೊಟ್ಟ ಜೋಳವನ್ನು ಬಿಟ್ಟು ಹೋಗಲಾಗುವುದಿಲ್ಲ ಎಂದು ಅಕ್ಕ ಹೇಳಿದಳು. ಆದರೆ ಐದು ಮಂದಿಯ ಲೆಕ್ಕ ತಪ್ಪುತ್ತದಲ್ಲ ಎಂದು ನಾನು ದೊಡ್ಡವ್ವನ ಮೊರೆ ಹೋದೆ. ಜೋಳದ ಚೀಲವನ್ನು ಹಿಡಿದು ಐದೇ ಆಗುತ್ತದೆ ಎಂದು ದೊಡ್ಡವ್ವ ಎಣಿಸಿ ತೋರಿಸಿದಳು. ಗಿರಿಜಾ ನನ್ನ ಕೈಗೆ ಒಂದು ನೀರಿನ ಬಾಟಲಿ ಕೊಟ್ಟು, ಬಸ್ಸು ಇಳಿದ ಮೇಲೆ ಫೋನು ಮಾಡಿ ಎಂದಳು.

ಸಿಂಧನೂರಿನ ಬಸ್ಸಿನಲ್ಲಿ ಬಲಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಸ್ಕಿ ಇನ್ನೂ ಸ್ವಲ್ಪ ದೂರವಿರುವಾಗ ಹಿಂದಿನಿಂದ ಹಾರನ್ ಕೇಳಿ ಬಗ್ಗಿ ನೋಡಿದೆ. ನನ್ನ ಕಾರು ಬಸ್ಸನ್ನು ದಾಟಿ ಹೋಗುತ್ತಿತ್ತು. ಮುಂದೆ ಅಕ್ಕ ನೆಟ್ಟಗೆ ಕೂತಿದ್ದಳು. ಇಳಿಬಿಸಿಲು ಬಿದ್ದು ನನ್ನ ಕಡೆಯ ಎರಡು ಗಾಲಿಗಳು ಹೊಸ ಸ್ಟೀಲ್ ಪರಾತಗಳು ಉರುಳಿದ ಹಾಗೆ ಹೊಳೆದವು. ಅಲ್ಲೇ ಒಂದು ಹಂಪು ಇತ್ತು, ಕಾರು ಅದನ್ನು ಹತ್ತಿ ಇಳಿಯಿತು, ಒಂದು ಸದ್ದೂ ಇಲ್ಲ. ನಾನಿಲ್ಲದ ನನ್ನ ಕಾರು ಬಹಳ ಚೆನ್ನಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ರೈತ ಕುತ್ತಿಗೆ ಚಾಚಿ ನೋಡಿ, ಎಂಥ ಗಾಲಿ ಹಾಕಿಸಿದ್ದಾರೆ ನೋಡಿ ಎಂದ. ಆ ಕಾರು ನನ್ನದೇ ಎಂದು ಹೇಳಿದೆ. ಆತ ನನ್ನನ್ನು ನೋಡಿದ, ನನ್ನ ನೀರಿನ ಬಾಟಲಿಯನ್ನು ನೋಡಿದ, "ಹೌದೇನ್ರೀ" ಎಂದು ಮರ್ಯಾದೆಯಿಂದಲೇ ಹೇಳಿ, ತನ್ನ ಚೀಲವನ್ನು ನನ್ನ ಕಡೆಯಿಂದ ಎತ್ತಿ ಆ ಕಡೆಗೆ ಇಟ್ಟುಕೊಂಡ.